ತಗ್ಗಿಸಿದ ಗಾಡಿಗೆ ಮೊದಲಿನ ಎತ್ತರ

ಈರುಳ್ಳಿ ಮಾರಿದ ದುಡ್ಡು ಕೈಗೆ ಬಂದಿದೆ. ಹೊಸ ಮೋಟಾರ್ ಸೈಕಲ್ ಕೊಳ್ಳುವಷ್ಟು ಇಲ್ಲ. ಹಳೇ ಗಾಡಿ ಆದರೆ ಆಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಎಷ್ಟೋ ಮನೆಗಳಿಗೆ ಮೊದಲ ಗಾಡಿ ಬರುವುದು ಹೀಗೆಯೇ. ಹಾಲಿನ ಕ್ಯಾನಿಗೂ ಅದೇ ಗಾಡಿ. ಗೊಬ್ಬರದ ಚೀಲಕ್ಕೂ ಅದೇ ಗಾಡಿ. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕೂ ಅದೇ.

ಮಾರುವವನು ಏನು ಹೇಳುತ್ತಾನೆ? "ನೋಡಣ್ಣ, ಗಾಡಿ ಹೆಂಗೈತೆ! ನೆಲಕ್ಕೆ ಅಂಟ್ಕೊಂಡಂಗೆ ಕೂತೈತೆ."

ಹೌದು, ಕೂತಿದೆ. ಯಾಕೆ ಕೂತಿದೆ ಎಂದು ನಾವು ಕೇಳಬೇಕು. ಕಂಪನಿಯಿಂದ ಬಂದಾಗ ಅದು ಹಾಗಿರಲಿಲ್ಲ. ಮೊದಲು ಓಡಿಸಿದವನು ಅದನ್ನು ತಗ್ಗಿಸಿದ್ದಾನೆ. ಕೆಲವರು ಗತ್ತಿಗೆ ತಗ್ಗಿಸುತ್ತಾರೆ. ಕೆಲವರಿಗೆ ಕಾಲು ನೆಲಕ್ಕೆ ಎಟುಕುವುದಿಲ್ಲ, ಅದಕ್ಕೆ ತಗ್ಗಿಸುತ್ತಾರೆ. ಪೇಟೆಯ ಡಾಂಬರು ರಸ್ತೆಯಲ್ಲಿ ಅದು ಹೇಗೋ ನಡೆದೀತು. ನಮ್ಮ ಹೊಲದ ದಾರಿಯಲ್ಲಿ ನಡೆಯುವುದಿಲ್ಲ.

ತಗ್ಗಿದರೆ ಏನಾಗುತ್ತದೆ?

ಎತ್ತಿನ ಗಾಡಿಯಲ್ಲಿ ಕೂತವರಿಗೆ ಗೊತ್ತು. ಚಕ್ರ ಕಲ್ಲು ಹತ್ತಿದರೆ ಪೆಟ್ಟು ನೇರ ಸೊಂಟಕ್ಕೆ ಬರುತ್ತದೆ. ಮೋಟಾರ್ ಸೈಕಲ್ಲಿನಲ್ಲಿ ಹಾಗಾಗಬಾರದು ಎಂದೇ ಶಾಕ್ ಅಬ್ಸಾರ್ಬರ್ ಇಟ್ಟಿದ್ದಾರೆ. ನಾವು ಅದನ್ನು ಶಾಕ್ ಎನ್ನುತ್ತೇವೆ. ಅದರಲ್ಲಿ ಸ್ಪ್ರಿಂಗ್ ಇದೆ. ಒಳಗೆ ಎಣ್ಣೆ ಇದೆ. ಸ್ಪ್ರಿಂಗ್ ಕುಗ್ಗಿ ಪೆಟ್ಟು ತಿನ್ನುತ್ತದೆ. ಎಣ್ಣೆ ಸ್ಪ್ರಿಂಗಿನ ಕುಣಿತ ನಿಲ್ಲಿಸುತ್ತದೆ. ಕುಗ್ಗಲು ಜಾಗ ಬೇಕು. ಗಾಡಿ ತಗ್ಗಿಸಿದವನು ಆ ಜಾಗವನ್ನೇ ಕಸಿದುಕೊಂಡಿದ್ದಾನೆ. ಕುಣಿ ಬಂದರೆ ಶಾಕ್ ಪೂರ್ತಿ ಒಳಗೆ ಹೋಗಿ "ಟಣ್" ಎಂದು ಬಡಿಯುತ್ತದೆ. ಟಯರು ಮಡ್‌ಗಾರ್ಡಿಗೆ ಉಜ್ಜುತ್ತದೆ.

ಒಂದು ಲೆಕ್ಕ ಮಾಡೋಣ. ಈಗಿನ ಸ್ಪ್ಲೆಂಡರ್ ಪ್ಲಸ್ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ 165 ಮಿಲಿಮೀಟರ್ ಜಾಗ ಇದೆ. ಅಂದರೆ ಹದಿನಾರೂವರೆ ಸೆಂಟಿಮೀಟರ್. ಎರಡು ಇಂಚು ತಗ್ಗಿಸಿದರೆ 5 ಸೆಂಟಿಮೀಟರ್ ಹೋಯಿತು. ಉಳಿದದ್ದು ಹನ್ನೊಂದೂವರೆ. ಮೇಲೆ ಇಬ್ಬರು ಕೂತು ಒಂದು ಚೀಲ ಇಟ್ಟರೆ ಇನ್ನೂ ಇಳಿಯುತ್ತದೆ.

ಈಗ ರಸ್ತೆ ಉಬ್ಬು ನೋಡಿ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ 1988ರಲ್ಲಿ ಉಬ್ಬಿಗೆ ಅಳತೆ ಹೇಳಿತು. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಂಥ ಉಬ್ಬನ್ನು ಗಾಡಿ ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯುತ್ತದೆ. ಹೊಟ್ಟೆ ತಾಕುವುದಿಲ್ಲ. ಆದರೆ ನಮ್ಮ ಊರ ಮುಂದಿನ ಉಬ್ಬು ಹಾಗಿದೆಯಾ? ಅದು ಹೊಲದ ಬದುವಿನ ಹಾಗೆ ಕಿರಿದಾಗಿ, ಎದ್ದು ನಿಂತಿರುತ್ತದೆ. ಮುಂದಿನ ಚಕ್ರ ದಾಟಿದ ಮೇಲೆ ಎಂಜಿನ್ ಅಡಿಭಾಗ, ಸೈಲೆನ್ಸರ್, ಸ್ಟ್ಯಾಂಡ್ ಅದಕ್ಕೆ ಬಡಿಯುತ್ತವೆ. ಎಂಜಿನ್ನಿನ ಅಡಿ ಒಡೆದರೆ ಆಯಿಲ್ ಎಲ್ಲಾ ಸೋರಿಹೋಗುತ್ತದೆ. ಆಯಿಲ್ ಇಲ್ಲದೆ ಓಡಿಸಿದರೆ ಎಂಜಿನ್ ಜಾಮ್.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಕೆಲವರು ಮುಂದೆ ಮಾತ್ರ ತಗ್ಗಿಸಿರುತ್ತಾರೆ. ಆಗ ಹ್ಯಾಂಡಲ್ ತುಂಬಾ ಹಗುರಾಗುತ್ತದೆ. ಜೋರಾಗಿ ಹೋಗುವಾಗ ನಡುಗಬಹುದು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಹೋಗುತ್ತೀರಿ. ಪಕ್ಕದಲ್ಲಿ ಲಾರಿ. ಆಗ ಹ್ಯಾಂಡಲ್ ನಡುಗಿದರೆ ಏನು ಗತಿ? ಹಿಂದೆ ಮಾತ್ರ ತಗ್ಗಿಸಿದರೆ ಮುಂದಿನ ದೀಪ ಆಕಾಶ ನೋಡುತ್ತದೆ. ರಸ್ತೆ ನಮಗೆ ಕಾಣುವುದಿಲ್ಲ. ಎದುರಿನವರ ಕಣ್ಣು ಕುಕ್ಕುತ್ತದೆ.

ಟೇಪು ಹಿಡಿಯಿರಿ

ದುಡ್ಡು ಕೊಡುವ ಮೊದಲು ಅಳೆಯಿರಿ. ಟೇಪು, ಪೆನ್ಸಿಲ್, ನೋಟ್ ಪುಸ್ತಕ ಸಾಕು. ನಿಮಗೆ ಅಂಕಿ ಓದಲು ಬರುತ್ತದೆ, ಬರೆಯಲು ಬರುತ್ತದೆ. ನಾಚಿಕೆ ಯಾಕೆ?

ಅದೇ ಕಂಪನಿಯ, ಅದೇ ಮಾದರಿಯ, ಯಾರೂ ಕೈ ಹಾಕದ ಇನ್ನೊಂದು ಗಾಡಿ ಹುಡುಕಿ. ಊರಲ್ಲಿ ಯಾರ ಹತ್ತಿರವಾದರೂ ಇರುತ್ತದೆ. ಎರಡನ್ನೂ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹಿಂದಿನ ಶಾಕಿನ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿನವರೆಗೆ ಅಳೆದು ಬರೆದುಕೊಳ್ಳಿ. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು? ಎರಡೂ ಒಂದೇ ಇರಬೇಕು. ಒಳ್ಳೆಯ ಗಾಡಿಯ ಅಳತೆಗೂ ಸರಿಹೊಂದಬೇಕು. ಟಯರಿನ ಪಕ್ಕದಲ್ಲಿ ಬರೆದ ಅಂಕಿಯನ್ನೂ ಓದಿ. ಸಣ್ಣ ಟಯರು ಹಾಕಿದರೂ ಗಾಡಿ ತಗ್ಗುತ್ತದೆ.

ಮುಂದಿನ ಫೋರ್ಕಿನ ಕೊಳವೆಗಳನ್ನು ಹಿಡಿದಿರುವ ಕಬ್ಬಿಣಕ್ಕೆ ಮೆಕ್ಯಾನಿಕ್‌ಗಳು "ಟಿ" ಎನ್ನುತ್ತಾರೆ. ಕೆಲವು ಗಾಡಿಗಳಲ್ಲಿ ಟಿ ಸಡಿಲಿಸಿ ಕೊಳವೆಗಳನ್ನು ಮೇಲಕ್ಕೆ ಎಳೆದಿರುತ್ತಾರೆ. ಆಗ ಕೊಳವೆಯ ತಲೆ ಟಿ ಮೇಲೆ ಕೊಂಬಿನ ಹಾಗೆ ಎದ್ದಿರುತ್ತದೆ. ಅದನ್ನೂ ಒಳ್ಳೆಯ ಗಾಡಿಯ ಜೊತೆ ಹೋಲಿಸಿ. ಕೊಂಬು ಕಾಣದಿದ್ದರೂ ನಂಬಬೇಡಿ. ಒಳಗಿನ ಸ್ಪ್ರಿಂಗನ್ನೇ ಕತ್ತರಿಸಿರುವ ಜನ ಇದ್ದಾರೆ. ಅದು ಬಿಚ್ಚಿದಾಗಲೇ ಗೊತ್ತಾಗುವುದು.

ಸೈಡ್ ಸ್ಟ್ಯಾಂಡ್ ಬಗ್ಗಿ ನೋಡಿ. ಕತ್ತರಿಸಿ ಬೆಸುಗೆ ಹಾಕಿದ ಗುರುತು ಇದೆಯಾ? ತಗ್ಗಿಸಿದ ಗಾಡಿ ಸೈಡ್ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತು ಆ ಕಡೆಗೆ ಬೀಳುತ್ತದೆ. ಅದಕ್ಕೇ ಸ್ಟ್ಯಾಂಡ್ ಗಿಡ್ಡ ಮಾಡಿರುತ್ತಾರೆ. ಬಾಯಿ ಸುಳ್ಳು ಹೇಳಬಹುದು, ಸ್ಟ್ಯಾಂಡ್ ಹೇಳುವುದಿಲ್ಲ.

ಇಷ್ಟು ಕಂಡರೆ ಕೇಳಿ: "ಹಳೇ ಶಾಕು, ಹಳೇ ಸ್ಪ್ರಿಂಗು ಇಟ್ಟಿದ್ದೀಯೇನಪ್ಪಾ?" ಇದ್ದರೆ ಇಸಿದುಕೊಳ್ಳಿ. ಇಲ್ಲದಿದ್ದರೆ ಹೊಸದಕ್ಕೆ ಎಷ್ಟಾಗುತ್ತದೆ ಎಂದು ಅಂಗಡಿಯಲ್ಲಿ ವಿಚಾರಿಸಿ, ಅಷ್ಟನ್ನು ಬೆಲೆಯಲ್ಲಿ ಇಳಿಸಿ.

ಎತ್ತರ ಮರಳಿ ತರುವುದು

ಈ ಕೆಲಸ ಮೆಕ್ಯಾನಿಕ್ ಕೈಯಲ್ಲೇ ಆಗಲಿ. ಆದರೆ ಪಕ್ಕದಲ್ಲಿ ನಿಂತು ನೋಡಿ. ಮುಂದೆ ಹಿಂದೆ ಎರಡನ್ನೂ ಒಂದೇ ಸಲ ಸರಿಮಾಡಿಸಿ.

ಹಿಂದಿನ ಶಾಕುಗಳನ್ನು ಯಾವಾಗಲೂ ಜೋಡಿಯಾಗಿ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದು ಆದರೆ ಗಾಡಿ ಒಂದು ಕಡೆ ಜಗ್ಗುತ್ತದೆ. ಬೇರೆ ಗಾಡಿಯ ಶಾಕ್ ಉದ್ದದಲ್ಲಿ ಸರಿಹೋದರೂ ಅದರ ಸ್ಪ್ರಿಂಗ್ ನಮ್ಮ ಗಾಡಿಯ ಭಾರಕ್ಕೆ ಹೊಂದಬೇಕಲ್ಲ? ಅದೇ ಮಾದರಿಯ ಶಾಕನ್ನೇ ಕೇಳಿ. ಶಾಕಿನ ಕೆಳಗೆ ಕಬ್ಬಿಣದ ತುಂಡು ಸೇರಿಸಿ ಎತ್ತರಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅಗ್ಗ ನಿಜ. ಆದರೆ ಬೋಲ್ಟಿಗೆ ಜಗ್ಗು ಬೀಳುತ್ತದೆ. ಭಾರ ಹೊರುವ ಗಾಡಿಗೆ ಅದು ಬೇಡವೇ ಬೇಡ. ಹಿಂದಿನವನು ಶಾಕ್ ಕೂರಿಸಲು ಬೇರೆ ಕಡೆ ಬೆಸುಗೆ ಹಾಕಿದ್ದರೆ ಅಲ್ಲಿ ಬಿರುಕು ಇದೆಯೇ ಎಂದು ದೀಪ ಹಿಡಿದು ನೋಡಿಸಿ.

ಹಿಂದಿನ ಶಾಕಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಉಂಗುರ ಇರುತ್ತದೆ. ಸ್ಪ್ಲೆಂಡರಿನಲ್ಲಿ ಐದು ಮೆಟ್ಟಿಲು. ಅದನ್ನು ಕೊನೆಗೆ ತಿರುಗಿಸಿದರೆ ಎತ್ತರ ಬಂತು ಎಂದು ತಿಳಿಯಬೇಡಿ. ಗಾಡಿ ಸ್ವಲ್ಪ ಏಳುತ್ತದೆ ಅಷ್ಟೇ. ಗಿಡ್ಡ ಶಾಕ್ ಉದ್ದ ಆಗುವುದಿಲ್ಲ. ಆ ಉಂಗುರ ಇರುವುದು ಹೊರೆಗೆ ತಕ್ಕಂತೆ ಹೊಂದಿಸಲು. ಎರಡೂ ಕಡೆ ಒಂದೇ ಮೆಟ್ಟಿಲಿನಲ್ಲಿರಬೇಕು.

ಮುಂದಿನ ಕೊಳವೆಗಳನ್ನು ಇಳಿಸುವ ಮೊದಲು ಗಾಡಿಯ ಭಾರ ಎಂಜಿನ್ನಿನ ಕೆಳಗೆ ಭದ್ರವಾಗಿ ನಿಲ್ಲಬೇಕು. ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಬಿಚ್ಚುವುದು ಕ್ಷೇಮ. ಎರಡೂ ಕಡೆ ಮಟ್ಟ ಒಂದೇ ಆಗಬೇಕು. ಸ್ಪ್ರಿಂಗ್ ಕತ್ತರಿಸಿದ್ದರೆ ಎರಡನ್ನೂ ಹೊಸದು ಹಾಕಿಸಿ. ಒಳಗೆ ಫೋರ್ಕ್ ಎಣ್ಣೆಯನ್ನೇ ಹಾಕಬೇಕು, ಎರಡೂ ಕಡೆ ಅಳೆದು ಒಂದೇ ಸಮ. ಟಿ ಬೋಲ್ಟುಗಳನ್ನು ಕಂಪನಿ ಹೇಳಿದ ಬಿಗಿಗೆ ಬಿಗಿಯಬೇಕು. ಸಡಿಲ ಬಿಟ್ಟರೆ ಕೊಳವೆ ಜಾರುತ್ತದೆ.

ಎತ್ತರ ಬಂದ ಮೇಲೆ ಇನ್ನೂ ಕೆಲಸ ಇದೆ. ಚೈನಿನ ಸಡಿಲು ಬದಲಾಗಿರುತ್ತದೆ. ಹಿಂದಿನ ಬ್ರೇಕೂ ವ್ಯತ್ಯಾಸ ಆಗಿರಬಹುದು. ಹೆಡ್‌ಲೈಟ್ ರಸ್ತೆಗೆ ಬೀಳುವಂತೆ ತಿರುಗಿಸಬೇಕು. ಗಿಡ್ಡ ಮಾಡಿದ ಸೈಡ್ ಸ್ಟ್ಯಾಂಡ್ ಬದಲಿಸಲೇಬೇಕು. ಇಲ್ಲದಿದ್ದರೆ ಗಾಡಿ ಈಗ ಈ ಕಡೆಗೆ ವಾಲಿ ಬೀಳುತ್ತದೆ.

ಸರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ? ನೀವು ಕೂತಾಗ ಗಾಡಿ ಸ್ವಲ್ಪ ಇಳಿಯಬೇಕು. ಶಾಕ್ ಒಟ್ಟು ಎಷ್ಟು ಕುಗ್ಗಬಲ್ಲದೋ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ. ಏನೂ ಇಳಿಯದಿದ್ದರೆ ಸ್ಪ್ರಿಂಗ್ ಅತಿ ಗಟ್ಟಿ. ಅರ್ಧ ಇಳಿದರೆ ಅತಿ ಮೆದು.

ಕಾಲು ಎಟುಕದವರು ಏನು ಮಾಡಬೇಕು? ಸೀಟಿನ ಸ್ಪಂಜು ಸ್ವಲ್ಪ ತೆಳ್ಳಗೆ ಮಾಡಿಸಬಹುದು. ಶಾಕ್ ಮುಟ್ಟುವುದು ಬೇಡ. ಅದಕ್ಕಿಂತ ಸೀಟು ತಗ್ಗಿರುವ ಗಾಡಿಯನ್ನೇ ಆರಿಸಿಕೊಂಡರೆ ಇನ್ನೂ ಒಳ್ಳೆಯದು.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿಯ ಪ್ರಕಾರ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಮಾಲೀಕ ಅಂದರೆ ಈಗ ನೀವು. ಗಾಡಿ ಕೊಂಡ 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ.ಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನಮ್ಮ ಜಿಲ್ಲೆಯ ಗಾಡಿಗಳ ನಂಬರು ಕೆಎ-16ರಿಂದ ಶುರುವಾಗುತ್ತದೆ.

ರಿಪೇರಿ ಆದ ದಿನವೇ ಚೀಲ ಹೇರಬೇಡಿ. ಮೊದಲು ಒಬ್ಬರೇ ಊರೊಳಗೆ ಮೆಲ್ಲಗೆ ಓಡಿಸಿ, ಬ್ರೇಕ್ ಹಿಡಿದು ನೋಡಿ. ನೂರು ಕಿಲೋಮೀಟರ್ ಆದ ಮೇಲೆ ಮತ್ತೆ ಮೆಕ್ಯಾನಿಕ್ ಹತ್ತಿರ ಹೋಗಿ ಟಿ ಬೋಲ್ಟು, ಶಾಕ್ ಬೋಲ್ಟುಗಳ ಬಿಗಿ ನೋಡಿಸಿ. ನೋಟ್ ಪುಸ್ತಕ ತೆಗೆದು ಹಿಂದಿನ ಶಾಕುಗಳನ್ನು ಇನ್ನೊಮ್ಮೆ ಅಳೆಯಿರಿ. ಹೊಸ ಅಂಕಿಯನ್ನು ಹಳೆಯದರ ಪಕ್ಕದಲ್ಲಿ, ತಾರೀಖು ಹಾಕಿ ಬರೆದಿಡಿ.