ನಿಮಗಿದು ಗೊತ್ತೇ? ಟ್ರ್ಯಾಕ್ಟರ್ ಹಿಂದಿನ ಟ್ರೇಲರ್

ಶಿಕಾರಿಪುರ, ಸೊರಬದ ಕಣಗಳಲ್ಲಿ ಟ್ರ್ಯಾಕ್ಟರಿಗೆ ತಾಡಪಾಲು, ಟ್ರೇಲರಿಗೆ ಬಿಸಿಲು-ಮಳೆ. ಎಂಜಿನ್ನೇ ಇಲ್ಲದ್ದಕ್ಕೆ ಎಂಥ ರಿಪೇರಿ ಎನ್ನುವವರಿಗೆ ಒಂದಿಷ್ಟು ಸಂಗತಿ.

● ಮೆಕ್ಕೆಜೋಳ ಇಳಿಸಿ ಬಂದ ಟ್ರೇಲರನ್ನು ನೇರ ಕುಮುದ್ವತಿಗೋ ದಂಡಾವತಿಗೋ ಊರ ಕೆರೆಗೋ ಇಳಿಸಿ ತೊಳೆಯುವುದು ಬೇರಿಂಗಿಗೆ ಕೇಡು. ಓಡಿ ಬಿಸಿಯಾದ ಹಬ್ ತಣ್ಣೀರು ಮುಟ್ಟಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಸೀಲ್ ಸವೆದಿದ್ದರೆ ಆ ಸಂದಿಯಿಂದ ನೀರು ಒಳಗೆ ನುಗ್ಗುತ್ತದೆ. ಬಿಚ್ಚಿದಾಗ ಗ್ರೀಸ್ ಬೆಳ್ಳಗಾಗಿದ್ದರೆ ಅದೇ ಸಾಕ್ಷಿ. ದೋಣಿ ಸಾಗಿಸುವ ಟ್ರೇಲರುಗಳನ್ನು ಕಾಡುವ ಕಾಯಿಲೆಯೂ ಇದೇ. ತಿಳಿದವರು ಹಬ್ ಆರುವವರೆಗೆ ಕಾದು ಆಮೇಲೆ ನೀರಿಗಿಳಿಸುತ್ತಾರೆ. ಒಂದು ಲೋಟ ಚಹಾ ಕುಡಿದು ತೊಳೆದರೆ ನಮಗೇನು ನಷ್ಟ?

● ಬೇರಿಂಗ್ ಪರೀಕ್ಷೆಗೆ ಮೆಕ್ಯಾನಿಕ್ ಬೇಕಿಲ್ಲ. ಖಾಲಿ ಟ್ರೇಲರಿನ ಒಂದು ಚಕ್ರಕ್ಕೆ ಕಲ್ಲು ಕೊಟ್ಟು, ಇನ್ನೊಂದನ್ನು ಜಾಕಿಯಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಲೊಡಲೊಡ ಎಂದರೆ ಸಡಿಲ. ತಿರುಗಿಸಿದಾಗ ಗರಗರ ಎಂದರೆ ಬೇರಿಂಗ್ ಕೆಟ್ಟಿದೆ. ನಟ್ಟನ್ನು ಶಕ್ತಿಯೆಲ್ಲ ಹಾಕಿ ಬಿಗಿಯಬಾರದು. ಚಕ್ರ ತಿರುಗಿಸುತ್ತಲೇ ಬಿಗಿದು, ತುಸು ಹಿಂದಕ್ಕೆ ಬಿಡಬೇಕು. ಹಳೆಯ ಸ್ಪ್ಲಿಟ್ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕುವ ಜಿಪುಣತನ ಮಾತ್ರ ಬೇಡ.

● ಆ ಹಬ್ಬಿನೊಳಗಿನ ಓರೆ ರೋಲರ್ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಅಮೆರಿಕದಲ್ಲಿ ಕುದುರೆ ಗಾಡಿ ತಯಾರಿಸುತ್ತಿದ್ದವನು!

● ಗ್ರೀಸಿನಲ್ಲಿ ಬಹುಪಾಲು ಎಣ್ಣೆಯೇ. ಅದನ್ನು ಹಿಡಿದಿಡುವುದು ಒಂದು ಬಗೆಯ ಸೋಪು. ಸೋಡಿಯಂ ಸೋಪಿನ ಗ್ರೀಸ್ ನೀರಿಗೆ ಕರಗುತ್ತದೆ, ಲಿಥಿಯಂನದು ತಾಳಿಕೊಳ್ಳುತ್ತದೆ. ಕೀಲೆಣ್ಣೆ ಹಾಕದೆ ಗಾಡಿ ಕಟ್ಟದ ಅಜ್ಜಂದಿರ ಮೊಮ್ಮಕ್ಕಳು ಗ್ರೀಸ್ ಗನ್ ಮುಟ್ಟುವುದು ಆಯುಧಪೂಜೆಗೆ, ಅದೂ ಕುಂಕುಮ ಹಚ್ಚಲು.

● ಪೊಟ್ಯಾಷ್ ಗೊಬ್ಬರ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಸಂಬಂಧಿಕ. ಚೀಲ ಹರಿದು ಚೆಲ್ಲಿದ್ದನ್ನು ಗುಡಿಸಿ ತೊಳೆಯದಿದ್ದರೆ ತಳದ ತಗಡು ಬೇಗ ತುಕ್ಕು ಹಿಡಿಯುತ್ತದೆ.

● ಎರಡು ಚಕ್ರದ ಟ್ರೇಲರಿನಲ್ಲಿ ಶುಂಠಿ ಮೂಟೆಗಳನ್ನೆಲ್ಲ ಹಿಂದಕ್ಕೆ ಪೇರಿಸಿದರೆ ಮುಂದಿನ ಕೊಂಡಿ ಮೇಲೇಳುತ್ತದೆ, ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಹಿಡಿತ ತಪ್ಪುತ್ತದೆ.

● 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರಿಗೆ ಅದರದೇ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಬರೆಸಬೇಕಾದ್ದು ಪಕ್ಕದಲ್ಲಿ. ಜೊತೆಗೆ ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯೂ ಟ್ರೇಲರಿನ ಮೇಲೆ ಕಾಣಬೇಕು.

● ಟೈರಿನ ಪಕ್ಕೆಯಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರ ಹುಟ್ಟಿದ್ದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಗುಂಡಿಗಳ ಸವೆತಕ್ಕಿಂತ ಮೊದಲು ಇದನ್ನು ನೋಡಿ.

● ಮುರಿದ ಕಮಾನು ಪಟ್ಟಿಗೆ ವೆಲ್ಡಿಂಗ್ ಮಾಡಿಸಬೇಡಿ. ಕಾವಿಗೆ ಉಕ್ಕಿನ ಹದ ಕೆಟ್ಟು ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಕುಲುಮೆಗೆ ಕೊಡಿ, ತೋಟಕ್ಕೆ ಒಳ್ಳೆಯ ಕತ್ತಿಯಾಗುತ್ತದೆ.