ತಂಡಕ್ಕೊಬ್ಬ ಗುರು ಬೇಕು



2025ರ ಜೂನ್ 3ರಂದು ಜಗತ್ತಿನ ಎರಡು ಕಡೆ ನಡೆದ ಎರಡು ಸಂಗತಿಗಳಿಂದ ನನ್ನ ಮಾತನ್ನು ಆರಂಭಿಸುತ್ತೇನೆ. ಅಂದು ಅಮೆರಿಕದ ನ್ಯೂಯಾರ್ಕ್ ನಿಕ್ಸ್ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡವು ತನ್ನ ಮುಖ್ಯ ತರಬೇತುದಾರರಾದ ಟಾಮ್ ಥಿಬೊಡೊ ಅವರನ್ನು ಕೆಲಸದಿಂದ ಬಿಡಿಸಿತು. ಅಂದೇ ಅಹಮದಾಬಾದಿನಲ್ಲಿ ನಮ್ಮ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವು ಹದಿನೆಂಟನೆಯ ವರ್ಷದಲ್ಲಿ ಮೊದಲ ಬಾರಿಗೆ ಐಪಿಎಲ್ ಪ್ರಶಸ್ತಿಯನ್ನು ಗೆದ್ದಿತು. ಮರುದಿನ ಬೆಂಗಳೂರಿನಲ್ಲಿ ನಡೆದ ಕಾಲ್ತುಳಿತದ ದುರಂತ ಆ ಸಂತೋಷವನ್ನೆಲ್ಲ ನುಂಗಿಬಿಟ್ಟಿತೆಂಬುದು ಬೇರೆಯ ಮಾತು.

ಥಿಬೊಡೊ ಅವರು ಮಾಡಿದ ಅಪರಾಧವಾದರೂ ಏನು? ಅವರ ತಂಡವು 2000ದ ನಂತರ ಮೊದಲ ಸಲ ತನ್ನ ವಿಭಾಗದ ಅಂತಿಮ ಸುತ್ತನ್ನು ಮುಟ್ಟಿತ್ತು. ಅದನ್ನು ಗೆಲ್ಲಲಿಲ್ಲ, ಅಷ್ಟೇ. ಅದೇ ವರ್ಷದ ಏಪ್ರಿಲ್‌ನಲ್ಲಿ ಡೆನ್ವರ್ ತಂಡವು, ಎರಡೇ ವರ್ಷದ ಹಿಂದೆ ತನಗೆ ಮೊದಲ ಪ್ರಶಸ್ತಿ ತಂದುಕೊಟ್ಟಿದ್ದ ಮೈಕೆಲ್ ಮ್ಯಾಲೋನ್ ಅವರನ್ನು, ಲೀಗ್ ಹಂತದ ಮೂರೇ ಪಂದ್ಯಗಳು ಉಳಿದಿದ್ದಾಗ ಮನೆಗೆ ಕಳುಹಿಸಿತು. ನ್ಯೂಯಾರ್ಕಿನವರು ಹೊಸಬರನ್ನು ಹುಡುಕಿದ ಬಗೆಯೂ ಸ್ವಾರಸ್ಯವಾಗಿದೆ. ಬೇರೆ ತಂಡಗಳಲ್ಲಿ ಕೆಲಸದಲ್ಲಿದ್ದ ತರಬೇತುದಾರರೊಡನೆ ಮಾತನಾಡಲು ಅನುಮತಿ ಬೇಡಿದರು; ಒಂದರ ಮೇಲೊಂದು ತಂಡ ಇಲ್ಲವೆಂದಿತು. ಕೊನೆಗೆ ಜುಲೈ ತಿಂಗಳಲ್ಲಿ ಮೈಕ್ ಬ್ರೌನ್ ಅವರು ನೇಮಕಗೊಂಡರು. ಅವರೂ ಕೆಲವು ತಿಂಗಳ ಹಿಂದೆ ಇನ್ನೊಂದು ತಂಡದಿಂದ ಬಿಡುಗಡೆ ಹೊಂದಿದ್ದವರೇ.

ಕನ್ನಡ ಪಾಠ ಹೇಳಿ ನಿವೃತ್ತನಾಗಿ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಕುಳಿತಿರುವ ನನಗೆ ಆಟಕ್ಕಿಂತಲೂ ಆಟ ಕಲಿಸುವವನ ಪಾಡು ಹೆಚ್ಚು ಕುತೂಹಲಕರವಾಗಿ ಕಾಣುತ್ತದೆ. ಶಿಷ್ಯರು ಸೋತರೆ ಗುರುವನ್ನು ಬದಲಿಸುವ ಈ ಪದ್ಧತಿ ಎಲ್ಲಿಂದ ಬಂತು? ಅದರಲ್ಲಿ ನ್ಯಾಯವೆಷ್ಟು?

ಬಾಸ್ಕೆಟ್‌ಬಾಲ್ ಆಟದ ಮಟ್ಟಿಗೆ ಉತ್ತರ ಸುಲಭವಾಗಿದೆ. ಅಲ್ಲಿ ಒಂದೊಂದು ಕಡೆ ಐವರು ಆಡುತ್ತಾರೆ. ತರಬೇತುದಾರನು ಅಂಕಣದ ಅಂಚಿನಲ್ಲೇ ನಿಂತಿರುತ್ತಾನೆ. ಆಟದ ನಡುವೆ ಗೊತ್ತುಪಡಿಸಿದಷ್ಟು ಸಲ ವಿರಾಮ ಕೇಳಿ, ಆಟಗಾರರನ್ನು ಸುತ್ತ ಸೇರಿಸಿಕೊಂಡು ಹೊಸ ಹೂಟವನ್ನು ಹೇಳಿಕೊಡಬಹುದು. ಒಬ್ಬನನ್ನು ಹೊರಗೆ ಕರೆದು ಇನ್ನೊಬ್ಬನನ್ನು ಕಳುಹಿಸಬಹುದು. ಹೊರಬಂದವನನ್ನು ಮತ್ತೆ ಒಳಗೆ ಬಿಡಬಹುದು. ಹೀಗೆ ಆಟದ ಸೂತ್ರವೆಲ್ಲ ಅವನ ಕೈಯಲ್ಲಿ. ಸೂತ್ರ ಹಿಡಿದವನೇ ಹೊಣೆಗಾರನೂ ಆಗುವುದು ಸಹಜ. ಮೇಲಾಗಿ, ದೀರ್ಘ ಕರಾರಿನ ಮೇಲಿರುವ ಹದಿನೈದು ಆಟಗಾರರನ್ನು ಒಂದೇ ಸಲಕ್ಕೆ ಬದಲಿಸಲಾಗದು. ಒಬ್ಬ ತರಬೇತುದಾರನನ್ನು ಬದಲಿಸುವುದು ಒಂದು ದಿನದ ಕೆಲಸ.

ವಿಚಿತ್ರವೆಂದರೆ, 1891ರಲ್ಲಿ ಈ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರಿಗೆ ತರಬೇತಿಯಲ್ಲಿ ಅಷ್ಟೇನೂ ನಂಬಿಕೆಯಿರಲಿಲ್ಲ. ಇದು ಆಡುವ ಆಟವೇ ಹೊರತು ಕಲಿಸುವ ಆಟವಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತಂತೆ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ಅವರು ತರಬೇತುದಾರರಾಗಿದ್ದಾಗ 55 ಪಂದ್ಯಗಳಲ್ಲಿ ಗೆಲುವು, 60ರಲ್ಲಿ ಸೋಲು. ಅವರ ಶಿಷ್ಯರಾದ ಫಾಗ್ ಅಲೆನ್ ಆ ಸ್ಥಾನಕ್ಕೆ ಬಂದು, ಮುಂದೆ ಬಾಸ್ಕೆಟ್‌ಬಾಲ್ ತರಬೇತಿಯ ಪಿತಾಮಹರೆನಿಸಿಕೊಂಡರು. ಆಟವನ್ನು ಸೃಷ್ಟಿಸುವುದು ಬೇರೆ, ಆಡುವುದು ಬೇರೆ, ಕಲಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈಗ ನಮ್ಮ ಕ್ರಿಕೆಟ್ಟಿಗೆ ಬರೋಣ. ಇಲ್ಲಿ ಸೂತ್ರ ನಾಯಕನ ಕೈಯಲ್ಲಿರುತ್ತದೆ. ಯಾರು ಚೆಂಡೆಸೆಯಬೇಕು, ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಗೊತ್ತುಮಾಡುವವನು ಮೈದಾನದಲ್ಲಿರುವ ನಾಯಕ. ತರಬೇತುದಾರ ಪೆವಿಲಿಯನ್ನಿನಲ್ಲಿ ಕುಳಿತು ನೋಡುತ್ತಿರುತ್ತಾನೆ. ಆದ್ದರಿಂದ ಇಲ್ಲಿ ತರಬೇತುದಾರನ ಅಧಿಕಾರವು ನಿಯಮದಿಂದ ಬಂದದ್ದಲ್ಲ. ಇತರರು ಒಪ್ಪಿ ಕೊಟ್ಟದ್ದು. ಒಪ್ಪಿಗೆ ಹಿಂದೆ ಸರಿದ ದಿನ ಅದು ಇಲ್ಲವಾಗುತ್ತದೆ. ಅದನ್ನು ತಿಳಿಯಲು ನಮ್ಮವರೇ ಆದ ಅನಿಲ್ ಕುಂಬ್ಳೆ ಅವರ ಪ್ರಸಂಗವನ್ನು ನೆನೆಯಬೇಕು.

2007ರ ಕೊನೆಯಲ್ಲಿ ಭಾರತ ತಂಡಕ್ಕೆ ತರಬೇತುದಾರರು ಬೇಕಾಗಿದ್ದರು. ದಕ್ಷಿಣ ಆಫ್ರಿಕದ ಗ್ಯಾರಿ ಕರ್ಸ್ಟನ್ ಅವರಿಗೆ ಆಹ್ವಾನ ಹೋಯಿತು. ಅವರು ಅರ್ಜಿಯನ್ನೇ ಹಾಕಿರಲಿಲ್ಲ. ಬಂದವರಿಗೆ ಮೊದಲು ಎದುರಾದವರು ಅಂದಿನ ಟೆಸ್ಟ್ ನಾಯಕ ಕುಂಬ್ಳೆ. ನಿಮಗೆ ತರಬೇತಿ ಕೊಡುವ ಕೆಲಸದ ಸಂದರ್ಶನಕ್ಕೆ ಬಂದಿದ್ದೇನೆ ಎಂದು ಕರ್ಸ್ಟನ್ ಹೇಳಿದಾಗ ಇಬ್ಬರೂ ನಕ್ಕುಬಿಟ್ಟರಂತೆ. ಏಳೇ ನಿಮಿಷಗಳಲ್ಲಿ ಕೆಲಸ ತಮ್ಮದಾಯಿತೆಂದು ಕರ್ಸ್ಟನ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ಏಳು ನಿಮಿಷಗಳ ಆಯ್ಕೆ 2011ರ ವಿಶ್ವಕಪ್ಪಿನವರೆಗೆ ನಡೆದುಬಂದಿತು.

2016ರಲ್ಲಿ ವಿಧಾನವೇ ಬೇರೆಯಾಯಿತು. ಕ್ರಿಕೆಟ್ ಮಂಡಳಿ ಪ್ರಕಟಣೆ ಕೊಟ್ಟಿತು. 57 ಅರ್ಜಿಗಳು ಬಂದವು. ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್ ಅವರಿದ್ದ ಸಲಹಾ ಸಮಿತಿ ಸಂದರ್ಶನ ನಡೆಸಿತು. ಜೂನ್ 23ರಂದು ಕುಂಬ್ಳೆ ಅವರನ್ನು ಒಂದು ವರ್ಷದ ಅವಧಿಗೆ ನೇಮಿಸಲಾಯಿತು. 619 ಟೆಸ್ಟ್ ವಿಕೆಟ್ಟುಗಳನ್ನು ಪಡೆದವರು, ದವಡೆ ಮುರಿದಾಗಲೂ ಪಟ್ಟಿ ಕಟ್ಟಿಕೊಂಡು ಚೆಂಡೆಸೆದವರು. ಯೋಗ್ಯತೆಯಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆ ಒಂದು ವರ್ಷದಲ್ಲಿ ತಂಡ ಆಡಿದ 17 ಟೆಸ್ಟುಗಳಲ್ಲಿ 12ನ್ನು ಗೆದ್ದಿತು, ಸೋತದ್ದು ಒಂದೇ ಒಂದನ್ನು.

ಆದರೂ 2017ರ ಮೇ ಕೊನೆಯಲ್ಲಿ, ಚಾಂಪಿಯನ್ಸ್ ಟ್ರೋಫಿ ಇನ್ನೇನು ಆರಂಭವಾಗಲಿದ್ದಾಗ, ಮಂಡಳಿ ಆ ಸ್ಥಾನಕ್ಕೆ ಮತ್ತೆ ಅರ್ಜಿ ಕರೆಯಿತು. ಜೂನ್ 18ರಂದು ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದೆದುರು ಸೋಲಾಯಿತು. ಜೂನ್ 20ರಂದು ಕುಂಬ್ಳೆ ರಾಜೀನಾಮೆ ಕೊಟ್ಟರು. ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕರಿಗೆ ಅಸಮಾಧಾನವಿದೆಯೆಂಬುದು ಹಿಂದಿನ ದಿನವಷ್ಟೇ ಮಂಡಳಿಯಿಂದ ಮೊದಲ ಬಾರಿಗೆ ತಮಗೆ ತಿಳಿಯಿತೆಂದೂ, ನಾಯಕನ ಮತ್ತು ತರಬೇತುದಾರನ ಮೇರೆಗಳನ್ನು ತಾವು ಸದಾ ಗೌರವಿಸಿದ್ದರಿಂದ ಅದು ಆಶ್ಚರ್ಯ ತಂದಿತೆಂದೂ ಅವರು ಹೇಳಿಕೆಯಲ್ಲಿ ತಿಳಿಸಿದರು. ತಂಡದ ಹಿತಕ್ಕಾಗಿ ಕನ್ನಡಿ ಹಿಡಿಯುವುದೇ ತರಬೇತುದಾರನ ಕೆಲಸವೆಂಬ ಅರ್ಥದ ಮಾತೂ ಅದರಲ್ಲಿತ್ತು.

ಈ ಪ್ರಸಂಗದಲ್ಲಿ ನಾಯಕ ವಿರಾಟ್ ಕೊಹ್ಲಿ ಅವರನ್ನು ದೂರುವುದು ನಮ್ಮ ಕಡೆಯವರಿಗೆ ಸುಲಭ. ಅದು ಪೂರ್ಣ ಸತ್ಯವಲ್ಲ. ಜುಲೈನಲ್ಲಿ ಬಂದ ರವಿ ಶಾಸ್ತ್ರಿ ಅವರೊಡನೆ ನಾಯಕರ ಮನಸ್ಸು ಕೂಡಿತು. 2019ರ ಜನವರಿಯಲ್ಲಿ ಭಾರತವು ಆಸ್ಟ್ರೇಲಿಯದ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟ್ ಸರಣಿಯನ್ನು ಗೆದ್ದಿತು. ಎಂದರೆ ಹೊಂದಾಣಿಕೆಗೂ ಒಂದು ಬೆಲೆಯಿದೆ. ನನ್ನ ಆಕ್ಷೇಪವಿರುವುದು ಬೇರೆಡೆ. ಆರಿಸಿದವರು ಒಬ್ಬರು, ಜೊತೆಯಲ್ಲಿ ಬಾಳಬೇಕಾದವರು ಇನ್ನೊಬ್ಬರು. ಇವರಿಬ್ಬರ ನಡುವಿನ ಮಾತು ತರಬೇತುದಾರನಿಗೆ ಮಾತ್ರ ಕಟ್ಟಕಡೆಗೆ ತಿಳಿಯಿತು. ಗುರುವನ್ನು ಬಿಡುವುದಕ್ಕೂ ಒಂದು ಮರ್ಯಾದೆಯುಂಟು. ಅಸಮಾಧಾನವನ್ನು ಎದುರಿಗೆ ಹೇಳುವುದು ಅದರ ಮೊದಲ ಮೆಟ್ಟಿಲು.

ಗುರುವಿನ ಹಿರಿಮೆ ಒಂದು, ಶಿಷ್ಯನಿಗೆ ಅವನು ಒಗ್ಗುವುದು ಇನ್ನೊಂದು ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ಚೀಕಲಪರ್ವಿ ವಿಜಯದಾಸರ ಊರು. ವಿದ್ವಾಂಸರಾಗಿದ್ದ ಶ್ರೀನಿವಾಸಾಚಾರ್ಯರು ಹೊಟ್ಟೆನೋವಿನಿಂದ ನೊಂದು ಕೊನೆಗೆ ವಿಜಯದಾಸರಿಗೆ ಶರಣಾದಾಗ, ದಾಸರು ಅವರನ್ನು ತಮ್ಮಲ್ಲೇ ಇರಿಸಿಕೊಳ್ಳದೆ ತಮ್ಮ ಶಿಷ್ಯರಾದ ಗೋಪಾಲದಾಸರಲ್ಲಿಗೆ ಕಳುಹಿಸಿದರೆಂದು ಸಂಪ್ರದಾಯ ಹೇಳುತ್ತದೆ. ಆ ಆಚಾರ್ಯರೇ ಮುಂದೆ ಮಾನ್ವಿಯ ಜಗನ್ನಾಥದಾಸರಾದರು. ಯಾರಿಗೆ ಯಾರು ಗುರುವಾಗಬೇಕೆಂಬುದನ್ನು ಅರಿತು, ತಾವು ಪಕ್ಕಕ್ಕೆ ಸರಿದು ನಿಂತ ಆ ವಿವೇಕ 57 ಅರ್ಜಿಗಳ ಕಟ್ಟಿನಲ್ಲಿ ಸಿಕ್ಕುವುದು ಕಷ್ಟ.

ಇನ್ನು ಸೋಲಿನ ಮಾತು. 2021ರ ನವೆಂಬರಿನಲ್ಲಿ ರಾಹುಲ್ ದ್ರಾವಿಡ್ ಮುಖ್ಯ ತರಬೇತುದಾರರಾದರು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ ಕೈತಪ್ಪಿತು; ಅಲ್ಲಿಗೆ ಅವರ ಅವಧಿಯೂ ಮುಗಿಯಿತು. ಅಮೆರಿಕದ ಪದ್ಧತಿಯಂತಾದರೆ ಕಥೆಯೂ ಅಲ್ಲಿಗೇ ಮುಗಿಯಬೇಕಾಗಿತ್ತು. ಮಂಡಳಿ ಅವಧಿಯನ್ನು ವಿಸ್ತರಿಸಿತು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಏಳು ರನ್ನುಗಳಿಂದ ದಕ್ಷಿಣ ಆಫ್ರಿಕವನ್ನು ಸೋಲಿಸಿ ಭಾರತ ಟಿ-20 ವಿಶ್ವಕಪ್ಪನ್ನು ಗೆದ್ದಿತು. 2007ರಲ್ಲಿ ಇದೇ ವೆಸ್ಟ್ ಇಂಡೀಸಿನಲ್ಲಿ ದ್ರಾವಿಡ್ ನಾಯಕರಾಗಿದ್ದಾಗ ತಂಡ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. ಬೆಂಗಳೂರು ತಂಡದ ಆಂಡಿ ಫ್ಲವರ್ ಅವರ ಕಥೆಯೂ ಇಂಥದೇ. ಅವರ ಮೊದಲ ವರ್ಷವಾದ 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಅಂದು ಅವರನ್ನು ಕಳುಹಿಸಿದ್ದರೆ ಮರುವರ್ಷದ ಪ್ರಶಸ್ತಿಗೆ ಅವರು ಜೊತೆಗಿರುತ್ತಿರಲಿಲ್ಲ.

ದ್ರಾವಿಡ್ ಅವರ ಇನ್ನೊಂದು ನಡೆಯನ್ನು ಹೇಳಲೇಬೇಕು. 2018ರಲ್ಲಿ ಹತ್ತೊಂಬತ್ತರೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಮಂಡಳಿ ಅವರಿಗೆ 50 ಲಕ್ಷ ರೂಪಾಯಿ, ನೆರವಿನ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಈ ತಾರತಮ್ಯವೇಕೆಂದು ಅವರು ಕೇಳಿದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷವಾಯಿತು. ತನ್ನ ಪಾಲನ್ನು ಅರ್ಧಕ್ಕಿಳಿಸಿಕೊಂಡ ಗುರುವಿನ ಮಾತಿಗೆ ಬರುವ ತೂಕ, ಯಾವ ಕರಾರುಪತ್ರವೂ ಕೊಡಲಾರದಂಥದು.

ಮಾನ್ವಿ, ದೇವದುರ್ಗಗಳ ಶಾಲೆಗಳಲ್ಲಿಯೂ ಕಬಡ್ಡಿ ತಂಡ ಸೋತು ಬಂದರೆ ದೈಹಿಕ ಶಿಕ್ಷಕರನ್ನು ಬದಲಿಸಬೇಕೆಂಬ ಮಾತು ಏಳುವುದುಂಟು. ಬದಲಿಸಬಾರದೆಂದಲ್ಲ. ಆದರೆ ಆ ಮೇಷ್ಟ್ರಿಗೆ ತಂಡವನ್ನು ಆರಿಸುವ ಸ್ವಾತಂತ್ರ್ಯವಿತ್ತೆ, ಕಲಿಸಲು ಕಾಲವಿತ್ತೆ, ಅವರ ತಪ್ಪನ್ನು ಯಾರಾದರೂ ಮುಖಾಮುಖಿ ಹೇಳಿದ್ದರೆ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ಕೊಡದ ಅಧಿಕಾರಕ್ಕೆ ಹೊಣೆಯನ್ನು ಕೇಳಿದರೆ, ಮುಂದೆ ಬರುವ ಮೇಷ್ಟ್ರೂ ಕನ್ನಡಿ ಹಿಡಿಯಲು ಅಂಜುತ್ತಾರೆ. ನಷ್ಟವಾಗುವುದು ಆಡುವ ಮಕ್ಕಳಿಗೆ.