ಎದೆಯ ಮೇಲಿನ ರಿಬ್ಬನ್ ಹೇಳುವ ಬಣ್ಣ

ಹಳೆಯ ಕಪ್ಪುಬಿಳುಪು ಫೋಟೊಗಳಿಗೆ ಬಣ್ಣ ಹಚ್ಚುವ ಹವ್ಯಾಸ ಹಿಡಿದ ಮೇಲೆ ಮದುವೆಯ ಫೋಟೊಗಳನ್ನು ಬಿಟ್ಟು ಮಿಲಿಟರಿ ಫೋಟೊಗಳನ್ನೇ ಹುಡುಕಿಕೊಂಡು ಹೋಗುತ್ತೇನೆ. ಅದಕ್ಕೆ ಕಾರಣವಿದೆ. ಅಜ್ಜಿಯ ಧಾರೆ ಸೀರೆ ಹಸಿರೋ ಕೆಂಪೋ ಎಂದು ಯಾರೂ ಬರೆದಿಟ್ಟಿಲ್ಲ. ಬಣ್ಣ ಹಚ್ಚುವವನು ಹೇಳಿದ್ದೇ ಬಣ್ಣ, ಅದು ಸರಿಯೋ ತಪ್ಪೋ ಎಂದು ಕೇಳಲು ಅಜ್ಜಿಯೂ ಇಲ್ಲ. ಸೈನಿಕನದು ಹಾಗಲ್ಲ. ಅವನ ಎದೆಯ ಮೇಲೆ ಅಡ್ಡಕ್ಕೆ ಕೂತಿರುವ ಬೆರಳಗಲದ ರಿಬ್ಬನ್ನಿನಲ್ಲಿ ಯಾವ ಗೆರೆ ಯಾವ ಬಣ್ಣ, ಎಷ್ಟು ಅಗಲ, ಯಾವುದರ ಪಕ್ಕ ಯಾವುದು ಎಂಬುದೆಲ್ಲ ಸರಕಾರದ ಆಜ್ಞೆಯಲ್ಲೇ ಇದೆ. ಹಚ್ಚಿದ ಬಣ್ಣ ನಿಜವೋ ಸುಳ್ಳೋ ಎಂದು ತಾಳೆ ನೋಡಬಹುದಾದ ಉಡುಪು ನನಗೆ ಗೊತ್ತಿದ್ದಂತೆ ಅದೊಂದೇ.

ನಾನು ಕುಂಜತ್ತೂರಿನವನು. ತಲಪಾಡಿಯ ಗಡಿ ದಾಟಿ ಮಂಜೇಶ್ವರಕ್ಕೆ ಹೋಗುವ ಹೆದ್ದಾರಿಯಲ್ಲೇ ನಮ್ಮೂರು ಸಿಗುತ್ತದೆ. ಹೊಸಂಗಡಿಯಲ್ಲಿ ಬಹಳ ವರ್ಷ ಡಿಟಿಪಿ ಮಾಡಿದೆ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಬ್ರಹ್ಮಕಲಶದ ಆಮಂತ್ರಣ, ಬೊಜ್ಜದ ಎಂದರೆ ಉತ್ತರಕ್ರಿಯೆಯ ಕಾರ್ಡು. ಈ ಬೊಜ್ಜದ ಕಾರ್ಡಿಗೆಂದು ಜನ ಗೋಡೆಯಿಂದ ಇಳಿಸಿ ತರುವ ಫೋಟೊಗಳಲ್ಲಿ ಆಗಾಗ ಒಬ್ಬ ‘ಮಿಲಿಟ್ರಿ ಅಜ್ಜ’ ಇರುತ್ತಿದ್ದರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ 25 ಲಕ್ಷದಷ್ಟು ಜನರಿದ್ದರು. ನಮ್ಮ ಕರಾವಳಿಯ ಚಾವಡಿಗಳ ಗೋಡೆಗಳಲ್ಲೂ ಅವರಲ್ಲಿ ಕೆಲವರು ಉಳಿದಿದ್ದಾರೆ. ‘ಸ್ವಲ್ಪ ಕಲರ್ ಮಾಡಿ ಕೊಡ್ತೀರಾ’ ಎಂದು ಮನೆಯವರು ಕೇಳುತ್ತಿದ್ದರು. ಹಾಗೆ ಶುರುವಾದದ್ದು ಈಗ ನನ್ನ ದಿನದ ಒಳ್ಳೆಯ ಹೊತ್ತನ್ನೆಲ್ಲ ತೆಗೆದುಕೊಳ್ಳುತ್ತಿದೆ.

ಮೊದಲು ಬೂದು ಬಣ್ಣವನ್ನು ಓದಲು ಕಲಿಯಬೇಕು, ಏಕೆಂದರೆ ಹಳೆಯ ಬೂದು ದಾರಿ ತಪ್ಪಿಸುತ್ತದೆ. ಆರಂಭದ ಫೋಟೊ ಪ್ಲೇಟುಗಳಿಗೆ ನೀಲಿ ಬಿಟ್ಟು ಬೇರೆ ಬೆಳಕು ಕಾಣುತ್ತಿರಲಿಲ್ಲ ಎಂದರೂ ನಡೆದೀತು. 1873ರಲ್ಲಿ ಜರ್ಮನಿಯ ಹರ್ಮನ್ ವೋಗೆಲ್ ಎಂಬ ವಿಜ್ಞಾನಿ ಪ್ಲೇಟಿನ ಲೇಪಕ್ಕೆ ಬಣ್ಣದ ರಾಸಾಯನಿಕ ಸೇರಿಸಿದರೆ ಅದು ಹಸಿರನ್ನೂ ಗ್ರಹಿಸುತ್ತದೆ ಎಂದು ಕಂಡುಕೊಂಡರು. ಆಗಲೂ ಕೆಂಪು ಹೊರಗೇ ಉಳಿಯಿತು. ಇದೇ ಆರ್ಥೋಕ್ರೊಮ್ಯಾಟಿಕ್. ಎಲ್ಲ ಬಣ್ಣವನ್ನೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು 1906ರಲ್ಲಿ ಇಂಗ್ಲೆಂಡಿನ ಮಾರುಕಟ್ಟೆಗೆ ಬಂದರೂ ಸ್ಟುಡಿಯೊಗಳು ಆರ್ಥೋವನ್ನು ಬೇಗ ಬಿಡಲಿಲ್ಲ. ಕೆಂಪು ಕಾಣದ ಪ್ಲೇಟನ್ನು ಕೆಂಪು ದೀಪದ ಬೆಳಕಲ್ಲಿ ಕಣ್ಣಾರೆ ನೋಡುತ್ತಾ ತೊಳೆಯಬಹುದಿತ್ತು. ಎಲ್ಲವನ್ನೂ ಕಾಣುವ ಪ್ಲೇಟಿಗೆ ಪೂರ್ತಿ ಕತ್ತಲೆ ಬೇಕು.

ಇದರ ಪರಿಣಾಮ ನೋಡಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್‌ನ ರಿಬ್ಬನ್ನಿನ ನಡುವೆ ಅಗಲವಾದ ಕಿತ್ತಳೆ, ಎರಡೂ ಪಕ್ಕ ಬಿಳಿ, ಕಪ್ಪು, ಅಂಚಿನಲ್ಲಿ ನೀಲಿ. ಪ್ಯಾನ್ ಫಿಲ್ಮಿನಲ್ಲಿ ನಡುವಿನ ಕಿತ್ತಳೆ ತಿಳಿ ಬೂದಾಗಿ, ಅಂಚಿನ ನೀಲಿ ಗಾಢವಾಗಿ ಬೀಳುತ್ತದೆ. ಆರ್ಥೋ ಪ್ಲೇಟಿನಲ್ಲಿ ಅದೇ ರಿಬ್ಬನ್ ತಲೆಕೆಳಗು: ನಡು ಕಪ್ಪು, ಅಂಚು ಬಿಳಿಚು. ಬೂದು ಮಾತ್ರ ನೋಡಿ ಬಣ್ಣ ಹಚ್ಚುವವನು ಅದನ್ನು ಬೇರೆ ಯಾವುದೋ ಪದಕ ಎಂದುಕೊಳ್ಳುತ್ತಾನೆ. ಯಾವ ಪ್ಲೇಟು ಎಂದು ತಿಳಿಯಲು ನಾನು ಮೊದಲು ನೋಡುವುದು ತುಟಿ. ಎಲೆಯಡಿಕೆ ಜಗಿದ ಕೆಂಪು ತುಟಿ ಆರ್ಥೋದಲ್ಲಿ ಮಸಿಯಂತೆ ಕಪ್ಪು. ಹಣೆಯ ಕುಂಕುಮವೂ ಹಾಗೆಯೇ. ಆಮೇಲೆ ಮೈಬಣ್ಣ. ಆರ್ಥೋದಲ್ಲಿ ನಮ್ಮವರೆಲ್ಲ ಇದ್ದದ್ದಕ್ಕಿಂತ ಕಪ್ಪಾಗಿಯೇ ಕಾಣುತ್ತಾರೆ.

ಇನ್ನು ಖಾಕಿ. ಈ ಬಣ್ಣಕ್ಕೂ ನಮ್ಮ ಸೀಮೆಗೂ ಹತ್ತಿರದ ನಂಟು. ವಾಯವ್ಯ ಗಡಿಯ ಗೈಡ್ಸ್ ಪಡೆ 1840ರ ದಶಕದಲ್ಲೇ ಮಣ್ಣುಬಣ್ಣದ ಬಟ್ಟೆ ತೊಟ್ಟಿತ್ತು, ನಿಜ. ಆದರೆ ತೊಳೆದರೂ ಬಿಡದ ಖಾಕಿಯನ್ನು ನೇಯ್ದು ಕೊಟ್ಟ ಹೆಸರು ಮಂಗಳೂರಿನ ಬಾಸೆಲ್ ಮಿಷನ್‌ನ ಬಲ್ಮಠ ನೇಯ್ಗೆ ಕಾರ್ಖಾನೆಯದು. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ನೇಕಾರ ಅಲ್ಲಿ ಈ ಬಣ್ಣ ಕಟ್ಟಿದ ಎಂದು ಮಿಷನ್‌ನ ಚರಿತ್ರೆ ಹೇಳುತ್ತದೆ. ನನ್ನ ಮನೆಯಿಂದ ಬಸ್ಸಿಗೆ ಕೂತರೆ ಒಂದು ಗಂಟೆಯೊಳಗೆ ತಲುಪುವ ಜಾಗ ಅದು. ಖಾಕಿ ಹಚ್ಚುವಾಗೆಲ್ಲ ನನಗೆ ಬಲ್ಮಠ ನೆನಪಾಗುತ್ತದೆ. ಆದರೆ ಖಾಕಿ ಎಂದರೆ ಒಂದೇ ಬಣ್ಣವಲ್ಲ. ಹೊಸ ಡ್ರಿಲ್ ಬಟ್ಟೆಯದು ಹಳದಿ ಮಿಶ್ರಿತ ಕಂದು. ಗಂಜಿ ಹಾಕಿ ಹತ್ತಾರು ಸಲ ಒಗೆದದ್ದು ಮರಳಿನಷ್ಟು ಬೆಳ್ಳಗೆ. ಯುರೋಪಿನ ಚಳಿಗೆ ಕೊಟ್ಟ ಉಣ್ಣೆಯ ಖಾಕಿಯಲ್ಲಿ ಹಸಿರು ಹೆಚ್ಚು. 1943ರ ಸುಮಾರಿಗೆ ಬರ್ಮಾ ಕಾಡಿಗೆ ಹೋದವರ ಉಡುಪು ಹಸಿರಾಯಿತು. ಈ ನಾಲ್ಕೂ ಫೋಟೊದಲ್ಲಿ ಹೆಚ್ಚುಕಡಿಮೆ ಒಂದೇ ಬೂದು. ಯಾವ ವರ್ಷ, ಯಾವ ಯುದ್ಧರಂಗ ಎಂದು ಗೊತ್ತಾಗದೆ ಖಾಕಿ ಹಚ್ಚಲು ಆಗುವುದೇ ಇಲ್ಲ. ಅದನ್ನು ಹೇಳುವುದೂ ರಿಬ್ಬನ್ನೇ.

ನಮ್ಮೂರ ಒಂದು ಮನೆಯ ಫೋಟೊವನ್ನು ಉದಾಹರಣೆಗೆ ಹೇಳುತ್ತೇನೆ. ಸ್ಟುಡಿಯೊದ ಕುರ್ಚಿಯಲ್ಲಿ ನೆಟ್ಟಗೆ ಕೂತ ಯುವಕ, ಮೊಣಕಾಲ ಮೇಲೆ ಕೈ, ಎಡ ಎದೆಯಲ್ಲಿ ನಾಲ್ಕು ರಿಬ್ಬನ್. ‘ಪೂನಾದಲ್ಲಿದ್ದರಂತೆ, ಯುದ್ಧಕ್ಕೆ ಹೋದವರಲ್ಲ’ ಎಂದೇ ಮನೆಯಲ್ಲಿ ಎಲ್ಲರ ನಂಬಿಕೆ. 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ಹಿಗ್ಗಿಸಿ ನೋಡಿದೆ. ರಿಬ್ಬನ್ನುಗಳ ಸಾಲಿನಲ್ಲಿ ಹಿರಿಯ ಪದಕದ್ದು ಗುಂಡಿಗಳ ಕಡೆಗಿರುತ್ತದೆ. ಅಲ್ಲಿನ ಮೊದಲನೆಯದರಲ್ಲಿ ಸಮ ಅಗಲದ ಮೂರು ಪಟ್ಟೆ, ಕಪ್ಪು, ನಡುಬೂದು, ತಿಳಿ. ನೌಕಾಪಡೆಯ ಕಡುನೀಲಿ, ಭೂಸೇನೆಯ ಕೆಂಪು, ವಾಯುಪಡೆಯ ತಿಳಿನೀಲಿ: 1939–45 ಸ್ಟಾರ್. ಎರಡನೆಯದರಲ್ಲಿ ಮೂರು ಪಟ್ಟೆ, ನಡುವಿನದು ಸ್ವಲ್ಪ ತಿಳಿ, ಅಂಚಿನ ಎರಡು ಗಾಢ ಪಟ್ಟೆಗಳ ಒಳಗೆ ಕೂದಲೆಳೆಯಷ್ಟು ಬೆಳ್ಳನೆಯ ಒಂದೊಂದು ಗೆರೆ. ಆ ಗೆರೆ ಕಿತ್ತಳೆ, ಅದರ ಸುತ್ತ ಕಡುನೀಲಿ, ನಡುವೆ ಕೆಂಪು. ಬರ್ಮಾ ಸ್ಟಾರ್. ಉಳಿದೆರಡು ವಾರ್ ಮೆಡಲ್ ಮತ್ತು ಇಂಡಿಯಾ ಸರ್ವಿಸ್ ಮೆಡಲ್.

ಬರ್ಮಾ ಸ್ಟಾರ್ ಪೂನಾದಲ್ಲಿ ಕೂತವರಿಗೆ ಸಿಗುವುದಲ್ಲ. 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರ ನಡುವೆ ಬರ್ಮಾದಲ್ಲೋ ಅದಕ್ಕೆ ಹೊಂದಿದ ಅಸ್ಸಾಂ, ಬಂಗಾಳದ ಯುದ್ಧವಲಯದಲ್ಲೋ ಇದ್ದವರಿಗೆ ಸಿಗುತ್ತಿದ್ದದ್ದು. ಮನೆಯವರನ್ನು ಕಾಡಿ ಬೇಡಿ ಪೆಟ್ಟಿಗೆ ತೆಗೆಸಿದೆ. ಡಿಸ್ಚಾರ್ಜ್ ಪುಸ್ತಕದಲ್ಲಿ ಊರಿನ ಜಿಲ್ಲೆ ‘ಸೌತ್ ಕೆನರಾ’ ಎಂದಿತ್ತು. 1956ರ ನವೆಂಬರ್ 1ಕ್ಕೆ ಮುಂಚೆ ನಾವೆಲ್ಲ ಮದರಾಸು ಸಂಸ್ಥಾನದ ದಕ್ಷಿಣ ಕನ್ನಡದವರಲ್ಲವೇ. ನಮ್ಮೂರು ಈಗ ಇರುವ ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಹಳೆಯ ಸೈನಿಕರ ಕಡತವನ್ನು ಇಂದಿನ ಜಿಲ್ಲೆಯ ಹೆಸರಿನಲ್ಲಿ ಹುಡುಕಿದರೆ ಸಿಗದಿರಲು ಇದೂ ಒಂದು ಕಾರಣ. ಪುಸ್ತಕದ ಒಳಪುಟದಲ್ಲಿ ಅಜ್ಜ ಅಸ್ಸಾಂ ದಾಟಿ ಹೋದ ತಿಂಗಳುಗಳು ಮಸುಕಾದ ಶಾಯಿಯಲ್ಲಿ ಇದ್ದವು. ಮೊಮ್ಮಗ ಅದನ್ನು ಎರಡು ಸಲ ಓದಿಸಿಕೊಂಡ. ನಾಲ್ಕು ರಿಬ್ಬನ್ನೂ ಎದೆಯಲ್ಲಿರುವುದರಿಂದ ಫೋಟೊ ಯುದ್ಧ ಮುಗಿದ ಮೇಲಿನದು ಎಂದೂ ಆಯಿತು.

ಬಣ್ಣ ಹಚ್ಚುವ ಕೆಲಸ ಇದರ ನಂತರದ್ದು. ಫೋಟೊಶಾಪ್ ಆದರೂ ಸರಿ, ಉಚಿತವಾಗಿ ಸಿಗುವ ಗಿಂಪ್ ಆದರೂ ಸರಿ. ಮೂಲ ಚಿತ್ರದ ಮೇಲೆ ಪದರ ಪದರವಾಗಿ ಬಣ್ಣ ಹರಡಿ, ಪದರವನ್ನು ‘ಕಲರ್’ ಮೋಡ್‌ನಲ್ಲಿಟ್ಟರೆ ಕೆಳಗಿನ ನೆರಳು ಬೆಳಕು ಹಾಗೆಯೇ ಉಳಿದು ಬಣ್ಣವಷ್ಟೇ ಸೇರುತ್ತದೆ. ಮುಖಕ್ಕೆ ಒಂದೇ ಕಂದು ಬಳಿದರೆ ಮಣ್ಣಿನ ಗೊಂಬೆಯಾಗುತ್ತದೆ. ಹಣೆಯಲ್ಲಿ ಹಳದಿ ಛಾಯೆ, ಕಿವಿ, ಮೂಗು, ಬೆರಳ ಗೆಣ್ಣುಗಳಲ್ಲಿ ಕೆಂಪು, ಕ್ಷೌರ ಮಾಡಿದ ಗಲ್ಲದಲ್ಲಿ ನೀಲಿ ಬೂದು. ಕಣ್ಣಿನ ಬಿಳಿಯನ್ನು ಎಂದೂ ಬಿಳಿ ಮಾಡಬಾರದು. ಹಿತ್ತಾಳೆ ಗುಂಡಿಯಲ್ಲಿ ಸುತ್ತಲಿನ ಖಾಕಿಯ ಪ್ರತಿಬಿಂಬ ಬರಬೇಕು. ಹಿಂದಿನ ಪರದೆಯ ಅರಮನೆ, ಸರೋವರಗಳಿಗೆ ಹಸಿರು ನೀಲಿ ತುಂಬಲು ಕೈ ತುರಿಸುತ್ತದೆ. ಆದರೆ ಆ ಕಾಲದ ಸ್ಟುಡಿಯೊ ಪರದೆಗಳನ್ನು ಎಷ್ಟೋ ಕಡೆ ಬೂದು, ಕಂದು ಬಣ್ಣಗಳಲ್ಲೇ ಬರೆಯುತ್ತಿದ್ದರು, ಕ್ಯಾಮೆರಾಕ್ಕೆ ಅಷ್ಟೇ ಸಾಕಿತ್ತು. ನಾನು ಅವನ್ನು ಬೂದಾಗಿಯೇ ಬಿಡುತ್ತೇನೆ.

‘ಈಗ ಮೊಬೈಲಿನಲ್ಲೇ ಒಂದು ಒತ್ತಿಗೆ ಬಣ್ಣ ಬರ್ತದಲ್ಲ’ ಎನ್ನುವವರಿದ್ದಾರೆ. ಬರುತ್ತದೆ. 2018ರಲ್ಲಿ ಜೇಸನ್ ಆಂಟಿಕ್ ಎಂಬವರು ಡಿಓಲ್ಡಿಫೈ ಎಂಬ ತಂತ್ರಾಂಶವನ್ನು ಮುಕ್ತವಾಗಿ ಕೊಟ್ಟ ಮೇಲೆ ಇದು ಮನೆಮನೆಗೆ ಬಂತು. ಬೇರೆ ಲಕ್ಷಾಂತರ ಬಣ್ಣದ ಚಿತ್ರಗಳಿಂದ ಕಲಿತ ಯಂತ್ರ, ಈ ಬೂದಿಗೆ ಸಾಮಾನ್ಯವಾಗಿ ಯಾವ ಬಣ್ಣ ಬಂದೀತು ಎಂದು ಊಹಿಸುತ್ತದೆ. ಹುಲ್ಲು, ಆಕಾಶಗಳಿಗೆ ಅದು ಸಾಕು. ರಿಬ್ಬನ್ ವಿಷಯದಲ್ಲಿ ಸಾಮಾನ್ಯ ಎಂಬುದೇ ಇಲ್ಲ. ನಾನು ಕೊಟ್ಟು ನೋಡಿದಾಗೆಲ್ಲ ಅದು ನಾಲ್ಕೂ ರಿಬ್ಬನ್ನುಗಳನ್ನು ಒಂದೇ ಮಸುಕು ಕಂದು ಮಾಡಿತು, ನಮ್ಮ ಅಜ್ಜಂದಿರ ಮುಖವನ್ನು ಗುಲಾಬಿ ಮಾಡಿತು. ಒಬ್ಬ ಸೈನಿಕನ ಸೇವೆಯ ದಾಖಲೆ ಇರುವುದೇ ಆ ಬೆರಳಗಲದ ಜಾಗದಲ್ಲಿ. ಅದನ್ನು ಕಂದು ಮಾಡಿದ ಚಿತ್ರ ಎಷ್ಟು ಚೆಂದವಿದ್ದರೂ ನನಗೆ ಬೇಡ.

ಚೆಂದ ಮಾಡುವ ಆಸೆ ಮನುಷ್ಯರಲ್ಲೂ ಇದೆ, ಅದು ಇನ್ನೂ ಅಪಾಯ. 2021ರಲ್ಲಿ ಕಾಂಬೋಡಿಯಾದ ತುಓಲ್ ಸ್ಲೆಂಗ್ ಸೆರೆಮನೆಯಲ್ಲಿ ಸತ್ತವರ ಚಿತ್ರಗಳಿಗೆ ಬಣ್ಣ ಹಚ್ಚಿದ್ದು ಸಾಲದೆಂದು ಕೆಲವು ಮುಖಗಳಲ್ಲಿ ನಗುವನ್ನೂ ಮೂಡಿಸಿ ಪ್ರಕಟಿಸಲಾಯಿತು. ಕಾಂಬೋಡಿಯಾ ಸರಕಾರವೇ ವಿರೋಧಿಸಿದ ಮೇಲೆ ಆ ಚಿತ್ರಗಳನ್ನು ತೆಗೆದುಹಾಕಿದರು. ಇಷ್ಟು ದೂರ ಹೋಗಬೇಕಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರನ್ನೇ ತೆಗೆದುಕೊಳ್ಳಿ. 1965ರ ಸೆಪ್ಟೆಂಬರ್ 7ರಂದು ಸರಗೋಧಾ ದಾಳಿಯಲ್ಲಿ ಮಡಿದ ಈ ಪೈಲಟ್‌ಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ಅರ್ಧ ಬಿಳಿ, ಅರ್ಧ ಕೇಸರಿಯ ಆ ರಿಬ್ಬನ್ ಅವರ ಯಾವ ಫೋಟೊದಲ್ಲೂ ಇರಲು ಸಾಧ್ಯವಿಲ್ಲ. ಬಣ್ಣ ಹಚ್ಚುವಾಗ ಅದನ್ನೊಂದು ಸೇರಿಸಿಬಿಡೋಣ, ಅರ್ಹರೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಸೇರಿಸಿದರೆ ಆ 23 ವರ್ಷ ಅಳಿಸಿಹೋಗುತ್ತದೆ. ತಡವಾಗಿ ಸಂದ ನ್ಯಾಯವೂ ಅವರ ಕಥೆಯ ಭಾಗ.

ಗೊತ್ತಿಲ್ಲದ್ದನ್ನು ಬೂದಾಗಿ ಬಿಡುವುದಕ್ಕೆ ಮನೆಯವರು ಮೊದಮೊದಲು ಒಪ್ಪುವುದಿಲ್ಲ. ಭುಜದ ಮೇಲಿನ ಪಟ್ಟಿ ಯಾವ ರೆಜಿಮೆಂಟಿನದೆಂದು ತಿಳಿಯದಿದ್ದರೆ ಅದಕ್ಕೆ ನಾನು ಬಣ್ಣ ಕೊಡುವುದಿಲ್ಲ. ಪ್ರಿಂಟಿನ ಹಿಂದೆ, ದಾಖಲೆ ಇದ್ದ ಬಣ್ಣ ಯಾವುದು, ಊಹಿಸಿದ್ದು ಯಾವುದು ಎಂದು ಬರೆದು, ಬಣ್ಣವಿಲ್ಲದ ಮೂಲ ಸ್ಕ್ಯಾನನ್ನೂ ಜೊತೆಗೆ ಕೊಡುತ್ತೇನೆ. ಮೈಬಣ್ಣ ಯಾವಾಗಲೂ ಊಹೆಯ ಪಟ್ಟಿಯಲ್ಲೇ. ಮಗಳೋ ಮಗನೋ ಬದುಕಿದ್ದರೆ ಅವರನ್ನು ಪರದೆಯ ಮುಂದೆ ಕೂರಿಸಿ ಕೇಳುತ್ತೇನೆ. ‘ಇಷ್ಟು ಬೆಳ್ಳಗೆ ಅಲ್ಲ, ಇನ್ನೂ ಸ್ವಲ್ಪ ಕಪ್ಪು’ ಎಂದು ಎಂಬತ್ತು ದಾಟಿದ ಒಬ್ಬರು ನನ್ನ ಕೈಯಲ್ಲಿ ನಾಲ್ಕೈದು ಸಲ ತಿದ್ದಿಸಿದರು. ಅದಕ್ಕಿಂತ ಹೆಚ್ಚಿನ ಪ್ರಮಾಣ ಇನ್ನೆಲ್ಲಿ ಸಿಗಬೇಕು?

ನಿಮ್ಮ ಮನೆಯಲ್ಲೂ ಇಂಥ ಫೋಟೊ ಇದ್ದರೆ ಎರಡು ವಿಷಯ ಹೇಳಬೇಕು. ನಮ್ಮ ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೆ ಅಂಟಿರುತ್ತದೆ. ಕಿತ್ತು ತೆಗೆಯಲು ಹೋದರೆ ಮುಖವೇ ಗಾಜಿನಲ್ಲಿ ಉಳಿದೀತು. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಬೇಸಗೆಯ ಒಣ ದಿನಗಳಲ್ಲಿ. ಇನ್ನೊಂದು, ಪೆಟ್ಟಿಗೆಯಲ್ಲಿ ಪದಕವಿದ್ದರೆ ಹುಣಿಸೆಹುಳಿ, ಬೂದಿ ಹಾಕಿ ಉಜ್ಜಬೇಡಿ. ಮೊದಲ ಮಹಾಯುದ್ಧದ ವಾರ್ ಮೆಡಲ್‌ನ ಅಂಚಿನಲ್ಲಿ, ಸ್ವಾತಂತ್ರ್ಯಾನಂತರದ ನಮ್ಮ ಪದಕಗಳ ಅಂಚಿನಲ್ಲಿ, ಸೈನಿಕನ ನಂಬರು, ಹೆಸರು, ಪಡೆ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ. ಹೊಳಪು ಬರುವಷ್ಟು ಉಜ್ಜಿದರೆ ಮೊದಲು ಸವೆಯುವುದು ಆ ಅಕ್ಷರ. ಭೂತಗನ್ನಡಿ ಹಿಡಿದು ಅದನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಆಮೇಲೆ ಬಣ್ಣದ ಮಾತಾಡೋಣ.